ಒಂದೇ ಮತಗಟ್ಟೆ, ಎರಡು ಬಗೆಯ ಮತಪತ್ರ

ಇಡೀ ದೇಶದ ಚುನಾವಣೆಯನ್ನು ತಾನೇ ನಡೆಸುವ ಸಂಸ್ಥೆ ಅಮೆರಿಕದಲ್ಲಿ ಇಲ್ಲ. ಸಂವಿಧಾನದ 1ನೇ ವಿಧಿಯ 4ನೇ ಸೆಕ್ಷನ್ ಪ್ರಕಾರ ಸಂಸತ್ ಚುನಾವಣೆಯ ಸಮಯ, ಸ್ಥಳ, ವಿಧಾನ ಗೊತ್ತುಮಾಡುವುದು ರಾಜ್ಯ ಶಾಸಕಾಂಗ. ಆದರೆ ಕಾಂಗ್ರೆಸ್ (ಅಲ್ಲಿನ ಸಂಸತ್ತು) ಯಾವಾಗ ಬೇಕಾದರೂ ಕಾನೂನು ಮಾಡಿ ಅದನ್ನು ತಿದ್ದಬಹುದು. ಗವರ್ನರ್, ಶೆರೀಫ್‌ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಅಂಥ ರಾಜ್ಯ ಹಾಗೂ ಸ್ಥಳೀಯ ಹುದ್ದೆಗಳಿಗೆ ಈ ಸೆಕ್ಷನ್ ತಾಗುವುದೇ ಇಲ್ಲ. ತಕರಾರು ಹುಟ್ಟುವುದು ಇಲ್ಲೇ.

ಅರಿಜೋನಾ ನೋಡಿ. 1993ರ ಮತದಾರರ ನೋಂದಣಿ ಕಾಯ್ದೆಯ ಫೆಡರಲ್ (ಕೇಂದ್ರದ) ಅರ್ಜಿಯಲ್ಲಿ ಪೌರತ್ವಕ್ಕೆ ಪ್ರಮಾಣಪೂರ್ವಕ ಸಹಿ ಸಾಕು. ಅರಿಜೋನಾ ದಾಖಲೆಯನ್ನೂ ಕೇಳಿತು. ಆ ಅರ್ಜಿಯನ್ನು ಹಾಗೇ ಒಪ್ಪಲೇಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಗ ರಾಜ್ಯ ಸರ್ಕಾರ ಮತದಾರರನ್ನೇ ಎರಡು ಪಾಲು ಮಾಡಿತು: ದಾಖಲೆ ಕೊಟ್ಟವರಿಗೆ ಪೂರ್ತಿ ಮತಪತ್ರ, ಕೊಡದವರಿಗೆ ಫೆಡರಲ್ ಹುದ್ದೆಗಳಷ್ಟೇ ಇರುವ ಮತಪತ್ರ. ಕಾನೂನಿನ ಜಾಣತನವೇನೋ ಸರಿ, ಮೇಜಿನ ಹಿಂದೆ ಕೂತ ಸಿಬ್ಬಂದಿಗೆ ಮಾತ್ರ ಫಜೀತಿ. ತಪ್ಪಿ ಪೂರ್ತಿ ಮತಪತ್ರ ಕೊಟ್ಟು ಅದು ಪೆಟ್ಟಿಗೆಗೆ ಬಿದ್ದರೆ ಮುಗಿಯಿತು. ಗುಪ್ತ ಮತದಾನವಾದ್ದರಿಂದ ಯಾರದೆಂದು ಹುಡುಕಿ ತೆಗೆಯಲಾಗದು.

2002ರ ‘ಹೆಲ್ಪ್ ಅಮೆರಿಕ ವೋಟ್’ ಎಂಬ ಫೆಡರಲ್ ಚುನಾವಣಾ ಕಾಯ್ದೆಯೂ ಇಂಥದ್ದೇ ಅರ್ಧಂಬರ್ಧ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ, ತಾನು ಅರ್ಹನೆಂದು ಬರೆದುಕೊಟ್ಟವರಿಗೆ ತಾತ್ಕಾಲಿಕ ಮತಪತ್ರ ಕೊಡಬೇಕು ಎನ್ನುತ್ತದೆ. ಅದನ್ನು ಎಣಿಸಬೇಕೋ ಬೇಡವೋ? ಅದು ರಾಜ್ಯದ ಕಾನೂನಿಗೆ ಬಿಟ್ಟದ್ದು. ಹಾಗಾಗಿ ತಪ್ಪು ಮತಗಟ್ಟೆಯಲ್ಲಿ ಹಾಕಿದ ತಾತ್ಕಾಲಿಕ ಮತವನ್ನು ಒಂದು ರಾಜ್ಯ ಭಾಗಶಃ ಎಣಿಸುತ್ತದೆ, ಇನ್ನೊಂದು ಪೂರ್ತಿ ತಿರಸ್ಕರಿಸುತ್ತದೆ.

ಉತ್ತರ ಡಕೋಟಾದಲ್ಲಂತೂ ಮತದಾರರ ನೋಂದಣಿಯೇ ಇಲ್ಲ. 1993ರ ಕಾಯ್ದೆಯಿಂದ ವಿನಾಯಿತಿ ಪಡೆದ 6 ರಾಜ್ಯಗಳಲ್ಲಿ ಅದೂ ಒಂದು.