ಆ ಪೈಪಿನ ನೀರು

ಶನಿವಾರದಿಂದ ಅಮ್ಮನ ಒಂದೇ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. "ಆ ಪೈಪಿನಾಗಿಂದ ನೀರ್ ಯಾಕ ಸೋರ್ಲಿಕತ್ತದ?"

ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ಮನೆ ನೋಡಲು ಹೋಗಿದ್ದೆವು. ಹೊರಗೆ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಬಿಸಿಲು, ಒಳಗೆ ಕಾಲಿಟ್ಟರೆ ಊಟಿ. ಏಜೆಂಟ್ ಕೈ ಚಾಚಿ "ಎಷ್ಟು ತಂಪು ನೋಡಿ" ಎಂದರು. ನಾವಿಬ್ಬರೂ ಗ್ರಾನೈಟ್ ಸವರುತ್ತಾ ನಿಂತೆವು. ರಾಯಚೂರಿನಿಂದ ಬಂದಿರುವ ಅಮ್ಮ ಮಾತ್ರ ಹಿತ್ತಲಿಗೆ ಹೋಗಿ, ಅಡುಗೆಮನೆ ಕಿಟಕಿಯ ಮೇಲಿಂದ ಇಣುಕುತ್ತಿದ್ದ ತುಂಡು ಪೈಪನ್ನೇ ನೋಡುತ್ತಿದ್ದಳು. ಟಪ್, ಟಪ್. ಆಗ ಕೇಳಿದ್ದು.

"ಏಸಿ ನೀರಮ್ಮ, ಸೋರೋದೇ" ಎಂದುಬಿಟ್ಟೆ. ಏಜೆಂಟ್‌ಗೆ ದಾಟಿಸಲೇ ಇಲ್ಲ. ಕೂಲರ್‌ಗೆ ಕೊಡದಲ್ಲಿ ನೀರು ಸುರಿದು ಬೇಸಿಗೆ ಕಳೆದವಳಿಗೆ ಇಲ್ಲಿಯ ಏಸಿ ಏನು ಗೊತ್ತು ಅನ್ನೋ ಜಂಬ.

ಮಂಗಳವಾರ, ಕೊಳ್ಳುವ ಮುಂಚೆ ಮನೆ ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಬಂದ. ಮಾತು ಕಮ್ಮಿ, ಟಾರ್ಚ್ ಜಾಸ್ತಿ. ಅಟ್ಟ ಹತ್ತಿದರೆ ಏಸಿ ಯಂತ್ರದ ಕೆಳಗಿನ ತಗಡಿನ ತಟ್ಟೆಯಲ್ಲಿ ತುಕ್ಕುನೀರು. ಏಸಿ ನೀರು ಹೊರಹೋಗುವ ಮುಖ್ಯ ಪೈಪು ಪಾಚಿಯಿಂದ ಕಟ್ಟಿಕೊಂಡು, ತಟ್ಟೆ ತುಂಬಿ, ನೀರು ಕಿಟಕಿ ಮೇಲಿನ ಪೈಪು ಹಿಡಿದಿದೆ. ಅದನ್ನು ಬೇಕಂತಲೇ ಕಣ್ಣಿಗೆ ಬೀಳುವಲ್ಲಿ ಇಡುತ್ತಾರಂತೆ, ಮನೆಯವರು ನೋಡಲಿ ಅಂತ! ಹೊರಗಿನ ಯಂತ್ರದ ಚೀಟಿಯಲ್ಲಿ 2006. ತಂಪು ಮಾಡುವ ಗ್ಯಾಸು ಆರ್-22, ಅಮೆರಿಕದಲ್ಲಿ 2020ರಿಂದ ಹೊಸದಾಗಿ ತಯಾರಿಸುವಂತಿಲ್ಲ, ತರಿಸುವಂತಿಲ್ಲ. ಖಾಲಿಯಾದರೆ ಹಳೇ ದಾಸ್ತಾನೇ ಗತಿ. ಯಂತ್ರ ಎಳೆಯುವ ಗಾಳಿಗೂ ಬಿಡುವ ಗಾಳಿಗೂ 15ರಿಂದ 20 ಡಿಗ್ರಿ ಅಂತರ ಇರಬೇಕು. ಇಲ್ಲಿ 11. ಮತ್ತೆ ಆ ಊಟಿ? ಪರದೆ ಎಳೆದು ರಾತ್ರಿಯಿಡೀ ಓಡಿಸಿರಬೇಕು ಎಂದ.

ಏಜೆಂಟ್ ಪಾಪ, ಮಾರುವುದೇ ಅವರ ಕೆಲಸ. ನನ್ನದೇ ಸರಿಯಿಲ್ಲ. ಅಮ್ಮನ ಮಾತನ್ನು ಇಂಗ್ಲಿಷಿಗೆ ತರದೆ ನುಂಗಿದ್ದು ಇದೇ ಮೊದಲಲ್ಲ. ಡಾಕ್ಟರ್ ಮುಂದೆ, ಅಂಗಡಿಯಲ್ಲಿ, ಮಗಳ ಸ್ಕೂಲಿನಲ್ಲಿ ಎಲ್ಲಾ ಕಡೆ ಅರ್ಧ ಹೇಳಿ ಅರ್ಧ ನುಂಗುತ್ತೇನೆ. ಅವಳಿಗೆ ಅದು ಗೊತ್ತಾಗುತ್ತೆ ಅಂತ ನನಗೂ ಗೊತ್ತು.

ಭಾನುವಾರ ಆಪ್ಷನ್ ಅವಧಿ, ಅಂದರೆ ಕೊಳ್ಳುವ ಕರಾರಿನಿಂದ ಹಿಂದೆ ಸರಿಯಲು ಇರುವ ಗಡುವು, ಮುಗಿಯುತ್ತೆ. ಹೊಸ ಏಸಿ ಹಾಕಿಸಿ, ಇಲ್ಲ ಬೆಲೆ ಇಳಿಸಿ ಎಂದಿದ್ದೇವೆ. ಒಪ್ಪದಿದ್ದರೆ ಆ ಅವಧಿಗಂತ ಕಟ್ಟಿದ ಸಣ್ಣ ಫೀ ಬಿಟ್ಟು ಎದ್ದು ಬರುವುದು.

ನಿನ್ನೆ ಊಟಕ್ಕೆ ಕೂತಾಗ ಕೇಳಿದೆ, ನಿನಗೆ ಅನುಮಾನ ಹೇಗೆ ಬಂತು?

"ಹಿತ್ತಲದಾಗಿನ ಹುಲ್ಲೆಲ್ಲ ಒಣಗಿತ್ತು. ಆ ಪೈಪಿನ ಬುಡಕ್ಕ ಅಷ್ಟೇ ಒಂದು ಮೊಳ ಹಸಿರಿತ್ತಲ್ಲ" ಎಂದು ಮಜ್ಜಿಗೆ ಬಡಿಸಿದಳು.