ಊಟ ಕೇಳುವ ಮೊದಲು ಸಂಡಾಸು ಕೇಳಬೇಕಿತ್ತು

ನಾನು ಒಂದು ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಯಲ್ಲಿ ಡಯಟೀಷಿಯನ್. ಹದಿಮೂರು ವರ್ಷವಾಯಿತು. ಓಪಿಡಿ ಸಾಲಿನ ಕೊನೆಯಲ್ಲಿ, ಲಿಫ್ಟ್ ಪಕ್ಕ ನನ್ನ ಟೇಬಲ್ಲು. ಡಾಕ್ಟರು ಚೀಟಿಯಲ್ಲಿ 'ಶುಗರ್ ಡಯಟ್', 'ಬಿಪಿ ಡಯಟ್' ಅಂತ ಗೀಚಿ ಕಳಿಸುತ್ತಾರೆ. ನಾನು ಹತ್ತು ನಿಮಿಷ ಮಾತಾಡಿ, ಒಂದು ಹಾಳೆ ಬರೆದು ಕೊಡುತ್ತೇನೆ. ಈ ಕೆಲಸದಲ್ಲಿ ಜಾಸ್ತಿ ಮಾತಾಡುವುದು ನಾನೇ. ತಪ್ಪು ಆಗಿದ್ದೂ ಅಲ್ಲೇ.

ಆರು ವರ್ಷದ ಹಿಂದೆ ಒಬ್ಬರು ಬಂದರು. ನಿವೃತ್ತ ಬಸ್ ಡ್ರೈವರ್, ಅರವತ್ತಕ್ಕೆ ಹತ್ತಿರ. ಹೊಸದಾಗಿ ಶುಗರ್ ಸಿಕ್ಕಿತ್ತು. ಡ್ಯೂಟಿಯಲ್ಲಿದ್ದಾಗ ಹೋಟೆಲ್ ಪರೋಟ, ಮನೆಯಲ್ಲಿ ಮೂರು ಹೊತ್ತೂ ಅನ್ನ. ಮುದ್ದೆ ಊರಲ್ಲೇ ಬಿಟ್ಟು ಬಂದಿದ್ದರಂತೆ. ಮತ್ತೆ ಮುದ್ದೆ ಶುರು ಮಾಡಿ, ಜೊತೆಗೆ ಸೊಪ್ಪಿನ ಸಾರು, ಕಾಳಿನ ಪಲ್ಯ ಇರಲಿ ಎಂದೆ. "ಮುದ್ದೆ ತಿನ್ನಿ ಅಂತ ದುಡ್ಡು ಕೊಟ್ಟು ಹೇಳಿಸ್ಕೊಳ್ಳೋ ಕಾಲ ಬಂತಲ್ಲ ಮೇಡಂ" ಅಂತ ನಕ್ಕರು.

ನನಗೂ ಹುರುಪು ಬಂತು. ಲೆಕ್ಕ ಹೇಳಿದೆ. ನೂರು ಗ್ರಾಂ ರಾಗಿಯಲ್ಲಿ ನಾರು 11 ಗ್ರಾಂ ಹತ್ತಿರ ಇರುತ್ತದೆ, ಅಷ್ಟೇ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹಿಟ್ಟನ್ನು ನುಣ್ಣಗೆ ಜರಡಿ ಹಿಡಿದು ತೌಡು ಎಸೆಯಬೇಡಿ, ನಾರು ಇರೋದೇ ಅದರಲ್ಲಿ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಇಷ್ಟು ನಾರು ಹೊಟ್ಟೆಗೆ ಬಿದ್ರೆ ಕರುಳಿನ ಕ್ಯಾನ್ಸರ್ ಕೂಡ ಹತ್ರ ಸುಳಿಯಲ್ಲ ಯಜಮಾನ್ರೇ" ಎಂದುಬಿಟ್ಟೆ. ಸಾಲದ್ದಕ್ಕೆ ಹಾಳೆಯ ಕೆಳಗೆ ಕೆಂಪು ಪೆನ್ನಿನಲ್ಲಿ 'ನಾರು = ಕ್ಯಾನ್ಸರ್ ತಡೆ' ಅಂತ ಬರೆದು ಎರಡು ಗೆರೆ ಎಳೆದೆ.

ಒಂಬತ್ತು ತಿಂಗಳಾದ ಮೇಲೆ ವಾರ್ಡ್ ರೌಂಡ್ಸಿನಲ್ಲಿ ಅವರನ್ನು ಮತ್ತೆ ನೋಡಿದೆ. ಗುರುತು ಸಿಗಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಹಿಮೋಗ್ಲೋಬಿನ್ 6.8, ರಕ್ತ ಏರಿಸುತ್ತಿದ್ದರು. ಅವರ ಮನೆಯವರು ವೈರ್ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ನನ್ನ ಹಾಳೆ. ಮಡಚಿ ಮಡಚಿ ನಾಲ್ಕು ಕಡೆ ಸೀಳಿತ್ತು. ಕೆಂಪು ಗೆರೆ ಮಾತ್ರ ಹಾಗೇ ಇತ್ತು.

"ನಾಲ್ಕೈದು ತಿಂಗಳಿಂದ ಸಂಡಾಸಲ್ಲಿ ರಕ್ತ ಹೋಗ್ತಿತ್ತಂತೆ ಮೇಡಂ. ನಮಗೆ ಹೇಳ್ಲೇ ಇಲ್ಲ" ಎಂದರು ಆಕೆ.

"ಮೊಳೆ ಇರ್ಬೇಕು, ಉಷ್ಣ ಅಂತ ಸುಮ್ನಿದ್ದೆ. ಅದೊಂದು ಕಾಯ್ಲೆ ಬರಲ್ಲ ಅಂತ ಧೈರ್ಯ ಇತ್ತಲ್ಲ, ನೀವೇ ಬರ್ಕೊಟ್ಟಿದ್ರಿ" ಎಂದರು ಅವರು. ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಆಮೇಲೆ ಕೂತು ಒಂದೊಂದೇ ಕೇಳಿದೆ. ಮೊದಲ ಸಲ ನನ್ನ ಹತ್ತಿರ ಬರುವ ಎರಡು ತಿಂಗಳ ಮೊದಲೇ ಮೋಷನ್ ಹದ ತಪ್ಪಿತ್ತು. ಒಂದು ದಿನ ಮೂರು ಸಲ, ಆಮೇಲೆ ಎರಡು ದಿನ ಇಲ್ಲವೇ ಇಲ್ಲ. ಹೋಗಿ ಬಂದರೂ ಪೂರ್ತಿ ಆಗಿಲ್ಲ ಅನಿಸುತ್ತಿತ್ತು. ಇದನ್ನೆಲ್ಲ ಅವರು ಮುಚ್ಚಿಟ್ಟಿರಲಿಲ್ಲ. ನಾನು ಕೇಳಿರಲಿಲ್ಲ, ಅಷ್ಟೇ. ಮೂರು ಹೊತ್ತಿನ ಊಟ, ಎಷ್ಟು ಲೋಟ ಕಾಫಿ, ಎಷ್ಟು ಚಮಚ ಸಕ್ಕರೆ, ಎಲ್ಲ ಬರೆದುಕೊಂಡಿದ್ದೆ. ಒಳಗೆ ಹೋಗಿದ್ದರ ಲೆಕ್ಕ ಪಕ್ಕಾ. ಹೊರಗೆ ಬಂದಿದ್ದರ ವಿಚಾರ ಒಂದು ಸಾಲೂ ಇಲ್ಲ.

ಇನ್ನೂ ಒಂದಿತ್ತು. ಮೋಷನ್ ಕಟ್ಟಿದಾಗೆಲ್ಲ ಅವರು ಸೊಪ್ಪು ಜಾಸ್ತಿ ಮಾಡಿದ್ದರು, ರಾತ್ರಿ ಇಸಬ್‌ಗೋಲ್ ಬೇರೆ. ಹೊಟ್ಟೆ ಉಬ್ಬರಿಸಿ ನಿದ್ದೆ ಬರುತ್ತಿರಲಿಲ್ಲವಂತೆ. ಕರುಳು ಗಡ್ಡೆಯಿಂದ ಕಿರಿದಾಗಿದ್ದಾಗ ನಾರು ತುಂಬಿಸುವುದು ಕಟ್ಟಿಕೊಂಡ ಮೋರಿಗೆ ಹುಲ್ಲು ತುರುಕಿದ ಹಾಗೆ. ಪೂರ್ತಿ ಕಟ್ಟಿಕೊಂಡಿದ್ದರೆ ರಾತ್ರೋರಾತ್ರಿ ಆಪರೇಷನ್ ಆಗಬೇಕಿತ್ತು.

ಕೊಲೊನೊಸ್ಕೋಪಿಗೆ ತಯಾರಿ ಹಾಳೆ ಬರೆಯುವುದೂ ನನ್ನದೇ ಕೆಲಸ. ದೊಡ್ಡ ಕರುಳು ಖಾಲಿ ಇಲ್ಲದಿದ್ದರೆ ಕ್ಯಾಮೆರಾಗೆ ಏನೂ ಕಾಣುವುದಿಲ್ಲ. ಅದಕ್ಕೇ ಎರಡು ಮೂರು ದಿನ ಮುದ್ದೆ ಬೇಡ, ಸೊಪ್ಪು ಬೇಡ, ಕಾಳು ಬೇಡ, ಸೀಬೆ ಬೇಡ, ಟೊಮೆಟೊ ಬೀಜ ಬೇಡ. ಬಿಳಿ ಅನ್ನ, ತಿಳಿ ಸಾರು, ಮಜ್ಜಿಗೆ ಸಾಕು. ಆಕೆ ಎರಡೂ ಹಾಳೆ ಪಕ್ಕಪಕ್ಕ ಹಿಡಿದು, "ಮೊನ್ನೆವರೆಗೂ ಅದೇ ಅಮೃತ ಅಂತಿದ್ರಿ, ಈಗ ಒಂದೂ ಬೇಡ ಅಂತೀರಲ್ಲ" ಎಂದರು. ತಪ್ಪು ಅವರದಲ್ಲ. ಎರಡರಲ್ಲೂ ನನ್ನ ಅಕ್ಷರವೇ ಇತ್ತು.

ದೊಡ್ಡ ಕರುಳಿನ ಎಡಭಾಗದ ಕೆಳಗೆ ಗಡ್ಡೆ ಸಿಕ್ಕಿತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದೇ ಬಂತು. ಆಪರೇಷನ್, ಆಮೇಲೆ ಕೀಮೋ. ಈಗ ಇದ್ದಾರೆ, ಓಡಾಡುತ್ತಾರೆ. ಆದರೆ ಐದು ತಿಂಗಳು ಮೊದಲೇ ಗೊತ್ತಾಗಬಹುದಿತ್ತು.

ಆ ವಾರ ನಾನು ಮನೆಗೆ ಬಂದು ಓದಿದೆ. 'ನಾರು ಕ್ಯಾನ್ಸರ್ ತಡೆಯುತ್ತೆ' ಅಂತ ಕಾಲೇಜಿನಲ್ಲಿ ಕಲಿತಿದ್ದೆ, ಆಮೇಲೆ ಗಿಳಿಪಾಠದ ಹಾಗೆ ಒಪ್ಪಿಸುತ್ತಿದ್ದೆ. ಮಾತಿನ ಬೇರು ಹುಡುಕಿದರೆ ಡೆನಿಸ್ ಬರ್ಕಿಟ್ ಸಿಗುತ್ತಾರೆ. ಐರ್ಲೆಂಡಿನಲ್ಲಿ ಹುಟ್ಟಿ, ಉಗಾಂಡದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಸರ್ಜನ್. ಅಲ್ಲಿನ ಹಳ್ಳಿಯವರಲ್ಲಿ ಕರುಳಿನ ಕ್ಯಾನ್ಸರ್ ಬಲು ಅಪರೂಪ ಅಂತ ಗಮನಿಸಿದರು. ಅವರ ಊಟದಲ್ಲಿ ನಾರು ಜಾಸ್ತಿ, ಮಲವೂ ಜಾಸ್ತಿ, ತಿಂದದ್ದು ಬೇಗ ಹೊರಗೆ ಬರುತ್ತದೆ. 1971ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ನನಗೆ ಇಷ್ಟವಾದದ್ದು ಬೇರೆ ವಿಷಯ. ಆ ಮನುಷ್ಯ ಜನರ ಮಲವನ್ನು ತೂಕ ಮಾಡಿ ನೋಡುತ್ತಿದ್ದರು. ನಾನೋ, ಕೇಳುವುದಕ್ಕೂ ನಾಚಿಕೆಪಟ್ಟಿದ್ದೆ.

ಆಮೇಲಿನ ಕಥೆ ಅಷ್ಟು ನೇರ ಇಲ್ಲ. 1999ರಲ್ಲಿ ಅಮೆರಿಕದ 88,757 ನರ್ಸ್‌ಗಳನ್ನು ಹದಿನಾರು ವರ್ಷ ಹಿಂಬಾಲಿಸಿದ ವರದಿ ಬಂತು. ನಾರಿನಿಂದ ಲಾಭ ಕಾಣಲಿಲ್ಲ. 2000ದಲ್ಲಿ ಎರಡು ಪ್ರಯೋಗಗಳ ಫಲಿತಾಂಶ ಒಟ್ಟಿಗೆ ಬಂತು. ಪಾಲಿಪ್ ತೆಗೆಸಿಕೊಂಡವರಲ್ಲಿ ಒಂದು ಕಡೆ ಗೋಧಿ ತೌಡು, ಇನ್ನೊಂದು ಕಡೆ ಹಣ್ಣು ತರಕಾರಿ ಜಾಸ್ತಿ ಕೊಟ್ಟು ನೋಡಿದರು. ಪಾಲಿಪ್ ಮತ್ತೆ ಬರುವುದೇನೂ ಕಮ್ಮಿಯಾಗಲಿಲ್ಲ. ಪಾಲಿಪ್ ಅಂದರೆ ಕರುಳಿನ ಒಳಗೋಡೆಯಲ್ಲಿ ಏಳುವ ಸಣ್ಣ ಗುಬುಟು. ಕೆಲವು ಮಾತ್ರ, ಅದೂ ಹತ್ತು ವರ್ಷದ ಆಸುಪಾಸು ತೆಗೆದುಕೊಂಡು ಕ್ಯಾನ್ಸರ್ ಆಗುತ್ತವೆ. ಅಷ್ಟು ನಿಧಾನದ ಕಾಯಿಲೆಗೆ ಮೂರು ನಾಲ್ಕು ವರ್ಷದ ಪ್ರಯೋಗ ಸಾಲದು ಅಂತ ಆಗಲೇ ವಾದ ಎದ್ದಿತ್ತು. 2003ರಲ್ಲಿ ಯೂರೋಪಿನ ಹತ್ತು ದೇಶಗಳ ಐದು ಲಕ್ಷಕ್ಕೂ ಹೆಚ್ಚು ಜನರನ್ನು ನೋಡಿದ ಅಧ್ಯಯನದಲ್ಲಿ ಲಾಭ ಎದ್ದು ಕಂಡಿತು. 2011ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ದಿನಕ್ಕೆ 10 ಗ್ರಾಂ ನಾರು ಜಾಸ್ತಿ ತಿಂದವರಲ್ಲಿ ಅಪಾಯ ಶೇ. 10ರಷ್ಟು ಕಮ್ಮಿ ಇತ್ತು.

ಆ ಶೇ. 10 ನೋಡಿ ನಾನು ಸುಮ್ಮನೆ ಕೂತೆ. ಹತ್ತು ಜನಕ್ಕೆ ಬರುವ ಕಾಯಿಲೆ ಒಂಬತ್ತು ಜನಕ್ಕೆ ಬರುತ್ತದೆ. ಆ ಒಬ್ಬರ ಪಾಲಿಗೆ ಅದು ಸಣ್ಣದಲ್ಲ, ದಿನಾ ಒಂದು ಮುದ್ದೆಗೆ ಇಷ್ಟು ಸಿಕ್ಕರೆ ಒಳ್ಳೆಯ ವ್ಯಾಪಾರವೇ. ಆದರೆ ಉಳಿದ ಒಂಬತ್ತು ಜನಕ್ಕೆ ನಾನು ಕೆಂಪು ಗೆರೆ ಎಳೆದು ಏನು ಹೇಳಿದ್ದೆ? ಅದೂ ಅಲ್ಲದೆ ನಾರು ಜಾಸ್ತಿ ತಿನ್ನುವವರು ನಡೆಯುವುದೂ ಜಾಸ್ತಿ, ಸಿಗರೇಟು ಕುಡಿತ ಕಮ್ಮಿ. ಲೆಕ್ಕದಲ್ಲಿ ಅದನ್ನೆಲ್ಲ ಬಿಡಿಸಲು ನೋಡುತ್ತಾರೆ, ಪೂರ್ತಿ ಬಿಡಿಸುವುದು ಕಷ್ಟ.

ಹಾಗಂತ ನಾರು ಸುಳ್ಳಲ್ಲ. ಅದು ಮಾಡುವ ಕೆಲಸ ಕಣ್ಣಿಗೆ ಕಟ್ಟುವ ಹಾಗಿದೆ. ದೋಸೆ ಹಿಟ್ಟು ರಾತ್ರಿಯೆಲ್ಲ ಹುಳಿ ಬರುತ್ತದಲ್ಲ, ಹಾಗೇ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ನಾರನ್ನು ಹುಳಿ ಬರಿಸುತ್ತವೆ. ಆಗ ಬ್ಯುಟಿರೇಟ್ ಅನ್ನುವ ಪದಾರ್ಥ ಹುಟ್ಟುತ್ತದೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಊಟ. 2015ರಲ್ಲಿ ಒಂದು ತಮಾಷೆಯ ಪ್ರಯೋಗ ಮಾಡಿದರು. ಅಮೆರಿಕದ ಇಪ್ಪತ್ತು ಕಪ್ಪು ಜನರಿಗೂ ದಕ್ಷಿಣ ಆಫ್ರಿಕದ ಹಳ್ಳಿಯ ಇಪ್ಪತ್ತು ಜನರಿಗೂ ಎರಡು ವಾರ ಊಟ ಅದಲುಬದಲು. ಅಮೆರಿಕದವರ ಕರುಳಿನಲ್ಲಿ ಬ್ಯುಟಿರೇಟ್ ಏರಿತು, ಆಫ್ರಿಕದವರಲ್ಲಿ ಇಳಿಯಿತು. ಕ್ಯಾನ್ಸರ್ ಬಂತು, ಹೋಯಿತು ಅಂತ ಎರಡು ವಾರದಲ್ಲಿ ಗೊತ್ತಾಗುವುದಿಲ್ಲ, ಬಿಡಿ. ಆದರೆ ಊಟ ಬದಲಾದರೆ ಕರುಳಿಗೆ ಎಷ್ಟು ಬೇಗ ಗೊತ್ತಾಗುತ್ತದೆ ನೋಡಿ.

ಹಾಗಾಗಿ ಮುದ್ದೆ ಬರೆಯುವುದನ್ನು ಬಿಟ್ಟಿಲ್ಲ. ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎರಡು ಮುದ್ದೆ, ಸೊಪ್ಪು, ಒಂದು ಸೀಬೆ ಇದ್ದರೆ ಅದು ಸಲೀಸು. ಮಲ್ಟಿಗ್ರೇನ್ ಬಿಸ್ಕತ್ತು ತಂದು ತೋರಿಸುವವರಿಗೆ ಪ್ಯಾಕೆಟ್ ತಿರುಗಿಸಿ ಮೊದಲ ಹೆಸರು ಓದಿಸುತ್ತೇನೆ. ಎಷ್ಟೋ ಸಲ ಅದು ಮೈದಾ.

ಕೆಂಪು ಪೆನ್ನು ಮಾತ್ರ ಡ್ರಾಯರಿಗೆ ಹೋಯಿತು. ಹಾಳೆಯ ಮೊದಲ ಸಾಲು ಬದಲಾಯಿತು. ಈಗ ಅಲ್ಲಿ ಊಟ ಇಲ್ಲ, ನಾಲ್ಕು ಪ್ರಶ್ನೆ ಇವೆ. ಮೋಷನ್ ಈಚೆಗೆ ಬದಲಾಗಿದೆಯಾ? ರಕ್ತ, ಕಪ್ಪು ಬಣ್ಣ ಏನಾದರೂ? ತೂಕ ತಾನಾಗಿ ಇಳಿದಿದೆಯಾ? ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತಾ? ಒಂದಕ್ಕೆ ಹೌದು ಅಂದರೂ ಡಯಟ್ ಹಾಳೆ ಆಮೇಲೆ, ಮೊದಲು ಡಾಕ್ಟರ ಹತ್ತಿರ ವಾಪಸ್. ನಮ್ಮ ಸರ್ಕಾರಿ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠ ನೋಡುತ್ತಾರೆ, ಕರುಳು ಆ ಪಟ್ಟಿಯಲ್ಲಿಲ್ಲ. ಅಮೆರಿಕದಲ್ಲಿ 45 ತುಂಬಿದರೆ ಪರೀಕ್ಷೆ ಮಾಡಿಸಿಕೊಳ್ಳಿ ಎನ್ನುತ್ತಾರೆ. ನಮ್ಮಲ್ಲಿ ಹಾಗೆ ಕರೆಯುವವರಿಲ್ಲ. ಯಾರಾದರೂ ಬಾಯಿಬಿಟ್ಟು ಕೇಳಿದರೇ ಉಂಟು.

ಕೇಳುವುದು ಸುಲಭವೇನಲ್ಲ. ಸೊಸೆ ಪಕ್ಕದಲ್ಲಿ ಕೂತಿರುವಾಗ ಮಾವನವರು ಹೇಳುತ್ತಾರಾ? ಈಗ ಜೊತೆಗೆ ಬಂದವರನ್ನು ಬಿಲ್ ಕಟ್ಟಲು ಕಳಿಸಿ ಆಮೇಲೆ ಕೇಳುತ್ತೇನೆ. ಹಳ್ಳಿಯವರಿಗೆ 'ಹೊರಕಡೆ ಹೇಗೆ ಹೋಗ್ತೀರಿ' ಅಂದರೆ ಅರ್ಥವಾಗುತ್ತದೆ.

ಹೋದ ತಿಂಗಳು ಮೂವತ್ತನಾಲ್ಕರ ಹುಡುಗನೊಬ್ಬ ಬಂದ. ಬೆಂಗಳೂರಲ್ಲಿ ಸಾಫ್ಟ್‌ವೇರ್, ಊರಿಗೆ ರಜೆಗೆ ಬಂದವನು. ಓಟ್ಸ್, ಚಿಯಾ ಬೀಜ ಎಲ್ಲ ಗ್ರಾಂ ಲೆಕ್ಕದಲ್ಲಿ ತಿನ್ನುತ್ತಿದ್ದ. ಮೊಬೈಲಿನಲ್ಲಿ ಚಾರ್ಟ್ ತೋರಿಸಿದ. ನಾನು ನನ್ನ ಎರಡನೇ ಪ್ರಶ್ನೆ ಕೇಳಿದೆ. ಚಾರ್ಟ್ ಆಫ್ ಮಾಡಿ, "ಒಂದೆರಡು ಸಲ ಕಾಣಿಸ್ತು ಮೇಡಂ, ಪೈಲ್ಸ್ ಇರ್ಬೇಕು" ಎಂದ. ಮಹಡಿ ಮೇಲೆ ಕಳಿಸಿದೆ. ವಾರ ಕಳೆದು ರಿಪೋರ್ಟ್ ಹಿಡಿದು ಬಂದ. ಪೈಲ್ಸೇ.

"ಸುಮ್ನೆ ದುಡ್ಡು ದಂಡ ಮಾಡಿಸಿದ್ರಿ" ಎಂದ, ನಗುತ್ತಲೇ.

ಕುರ್ಚಿ ಎಳೆದು ಕೂರಿಸಿ, ನಾರಿನ ಹಾಳೆ ಆಗ ಬರೆದುಕೊಟ್ಟೆ.