ಎದ್ದು ನಿಂತಾಗ ಕಣ್ಣಿಗೆ ಕತ್ತಲು

ಮೇ ತಿಂಗಳ ಮಧ್ಯಾಹ್ನ, ರಾಯಚೂರು ತಾಲೂಕಿನ ಹಳ್ಳಿಯೊಂದರಲ್ಲಿ ಆರೋಗ್ಯ ತಪಾಸಣೆ. ರೊಟ್ಟಿ ಉಂಡು ಬೇವಿನಕಟ್ಟೆಯ ಮೇಲೆ ಕೂತಿದ್ದ ಎಪ್ಪತ್ತರ ಹಿರಿಯರು ಸರದಿ ಬಂತೆಂದು ಎದ್ದವರು ಎರಡು ಹೆಜ್ಜೆಗೇ ಕುಸಿದರು. “ಬಿಸಿಲು ಬಡದೈತ್ರಿ” ಎನ್ನುತ್ತ ನಾಲ್ಕು ಜನ ಎತ್ತಿ ಕುರ್ಚಿಗೆ ಕೂರಿಸಲು ಹೊರಟರು. ಅದೊಂದನ್ನು ಮಾತ್ರ ಮಾಡಬಾರದು. ನೆಲಕ್ಕೇ ಮಲಗಿಸಿ ಕಾಲನ್ನು ಜೋಳದ ಚೀಲದ ಮೇಲಿಟ್ಟೆವು. ಅರೆ ನಿಮಿಷಕ್ಕೆ ಕಣ್ಣು ಬಿಟ್ಟು, “ಎದ್ದೆ, ಕಣ್ಣಿಗಿ ಕತ್ತಲಿ ಬಂತ್ರಿ” ಅಂದರು.

ಐದು ನಿಮಿಷ ಮಲಗಿಸಿ ಅಳೆದರೆ ಬಿಪಿ 146/84, ನಾಡಿ 78. ಇಬ್ಬರು ಹಿಡಿದು ನಿಲ್ಲಿಸಿ ಮೂರನೇ ನಿಮಿಷಕ್ಕೆ ಅಳೆದರೆ 100/64, ನಾಡಿ 84. ಮೇಲಿನ ಅಂಕಿ 20 ಇಳಿದರೇ ದೋಷ, ಇಲ್ಲಿ 46. ಅದಕ್ಕಿಂತ ನೋಡಬೇಕಾದದ್ದು ನಾಡಿ. ಬರೀ ನೀರು ಕಡಿಮೆಯಾಗಿದ್ದರೆ ಅದು ನೂರರ ಹತ್ತಿರ ಓಡುತ್ತಿತ್ತು. ನಾಡಿ ತಗ್ಗಿಸುವ ಅಟೆನೊಲಾಲ್‌ನಂಥ ಗುಳಿಗೆಯೂ ಅವರ ಔಷಧಿ ಚೀಟಿಯಲ್ಲಿರಲಿಲ್ಲ. ಆರೇ ಆರು ಏರಿದೆ ಎಂದರೆ ನಾಡಿ ಓಡಿಸುವ ನರವೇ ಸೋತಿದೆ.

ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ, ಕಾಲಿಗೆ ಇಳಿಯುತ್ತದೆ. ಕೊರಳಿನ ಕ್ಯಾರೋಟಿಡ್ ನಾಳದ ಗೋಡೆ ಒತ್ತಡ ಇಳಿದದ್ದನ್ನು ಗುರುತಿಸಿ ಮಿದುಳಿನ ಬುಡಕ್ಕೆ ಮುಟ್ಟಿಸುತ್ತದೆ. ಅಲ್ಲಿಂದ ಆಜ್ಞೆ ಬೆನ್ನುಹುರಿಗಿಳಿದು, ನಾಳ ಬಿಗಿಸುವ ಸಿಂಪಥೆಟಿಕ್ ನರಗಳ ತುದಿಯಲ್ಲಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಒಸರಿ, ಸಣ್ಣ ಅಪಧಮನಿಗಳು ಬಿಗಿಯುತ್ತವೆ. ಮಿದುಳಿನ ನಾಳಗಳಿಗೂ ಕೊರಳಿನ ನರಗಂಟಾದ ಗ್ಯಾಂಗ್ಲಿಯಾನ್‌ನಿಂದ ಇದೇ ನರ ಹೋಗುತ್ತದೆ, ಆದರೆ ಅಲ್ಲಿ ಅದರ ಮಾತು ಅಷ್ಟು ನಡೆಯುವುದಿಲ್ಲ. ಒತ್ತಡ ಇಳಿದಂತೆ ಅವು ತಾವೇ ಹಿಗ್ಗಿ ಹರಿವನ್ನು ಕಾಯುತ್ತವೆ, ಸರಾಸರಿ ಒತ್ತಡ (ಕೆಳಗಿನ ಅಂಕಿಗೆ ಎರಡರ ಅಂತರದ ಮೂರನೇ ಒಂದು ಭಾಗ ಕೂಡಿಸಿದ್ದು) ಸುಮಾರು 60 ಇರುವವರೆಗೆ. ಇವರಿಗೆ ನಿಂತಾಗ ತೋಳಿನಲ್ಲಿ ಸರಾಸರಿ 76. ಮಿದುಳು ಹೃದಯಕ್ಕಿಂತ ಹೆಚ್ಚುಕಡಿಮೆ ಒಂದಡಿ ಮೇಲೆ, ಅದಕ್ಕೊಂದು 20 ಕಳೆಯಿರಿ. ಉಳಿದದ್ದು 56, ಆ 60ಕ್ಕಿಂತ ಕೆಳಗೆ. ತಲೆಯಲ್ಲಿ ದೋಷವಿರಲಿಲ್ಲ, ಬಿಗಿಯಬೇಕಿದ್ದ ಹೊಟ್ಟೆ, ಕಾಲಿನ ನಾಳಗಳು ಬಿಗಿಯಲಿಲ್ಲ.

ಕಾರಣ ಚೀಟಿಯಲ್ಲೇ ಇತ್ತು. ಹದಿನೆಂಟು ವರ್ಷದ ಸಕ್ಕರೆ ಕಾಯಿಲೆ ನರಗಳನ್ನು ಸವೆಸಿತ್ತು. ಬಿಪಿಗೆಂದು ಕೊಟ್ಟ ಪ್ರಜೋಸಿನ್, ನಾರ್‌ಅಡ್ರಿನಲಿನ್ ಬಂದು ಕೂರುವ ಆಲ್ಫಾ ಗ್ರಾಹಕವನ್ನೇ ಮುಚ್ಚುತ್ತಿತ್ತು. ಮೇಲೆ ಉಂಡ ಹೊತ್ತು, ಕರುಳಿಗೆ ರಕ್ತ ಹೆಚ್ಚು ಹರಿಯುವ ಹೊತ್ತು.

ಎರಡು ದೊಡ್ಡ ಲೋಟ ನೀರು ಒಂದೇ ಉಸಿರಿಗೆ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನಿಲ್ಲಿಸಿದೆವು. ಈ ಸಲ ಕಾಲಿಗೆ ಕಾಲು ಕತ್ತರಿ ಹಾಕಿ ತೊಡೆ ಬಿಗಿಹಿಡಿಯಲು ಹೇಳಿದ್ದೆವು. 118/72. “ಈಗ ಬೇಸಿ ಐತ್ರಿ” ಅಂದರು.

ಗುಳಿಗೆ ತಾವಾಗಿ ಬಿಡಬೇಡಿ ಎಂದು ಹೇಳಿ, ಅವರ ವೈದ್ಯರಿಗೆ ಬರೆದ ಚೀಟಿಯಲ್ಲಿ ‘ಮಲಗಿ’, ‘ನಿಂತು’ ಎಂದು ಎರಡೂ ಅಳತೆ ನಮೂದಿಸಿದೆವು. ಮಲಗಿಸಿ ಅಳೆದ 146 ಒಂದನ್ನೇ ನೋಡಿದ್ದರೆ ಪ್ರಜೋಸಿನ್ ಇನ್ನೂ ಹೆಚ್ಚುತ್ತಿತ್ತು.